ಮಣ್ಣಿಗೊಂದು ಪಾಲು, ಅಟ್ಟಕ್ಕೊಂದು ಪಾಲು

ಚೌತಿಯಿಂದ ದೀಪಾವಳಿಯವರೆಗೆ ಖರ್ಚಿನ ಹೊರೆಯನ್ನೂ ಕಸದ ಹೊರೆಯನ್ನೂ ಒಟ್ಟಿಗೇ ಇಳಿಸಿಕೊಳ್ಳುವುದು ಹೇಗೆ?

ಹಬ್ಬ ಹೇಗೆ ನಡೆಯಿತು ಅನ್ನುವುದು ಹಬ್ಬದ ದಿನ ಗೊತ್ತಾಗುವುದಿಲ್ಲ, ಮರುದಿನ ಬೆಳಿಗ್ಗೆ ಬೀದಿಗಿಳಿದರೆ ಗೊತ್ತಾಗುತ್ತದೆ. ಚೌತಿ ಕಳೆದ ಮೇಲೆ ಕೆರೆಯ ದಂಡೆಯಲ್ಲಿ ಕೈಕಾಲು ಮುರಿದು ಬಿದ್ದ ಬಣ್ಣದ ಮೂರ್ತಿಗಳು ಕಾಣುತ್ತವೆ. ಆಯುಧಪೂಜೆಯ ಮರುದಿನ ರಸ್ತೆಯಂಚಿನಲ್ಲಿ ಬಾಡಿದ ಬಾಳೆಕಂದು ಮತ್ತು ಒಡೆದ ಬೂದುಗುಂಬಳ, ದೀಪಾವಳಿ ಮುಗಿದಾಗ ಚರಂಡಿ ತುಂಬ ಪಟಾಕಿಯ ಕಾಗದ. ಇದನ್ನೆಲ್ಲ ಗುಡಿಸಿ ಗಾಡಿಗೆ ತುಂಬುವವರು ಪೌರಕಾರ್ಮಿಕರು. ನಮಗೆ ರಜೆಯಿರುವ ದಿನಗಳೇ ಅವರಿಗೆ ವರ್ಷದ ಅತಿ ಹೆಚ್ಚು ದುಡಿಮೆಯ ದಿನಗಳು.

ಚೌತಿಯಿಂದ ದೀಪಾವಳಿಯವರೆಗಿನ ಸುಮಾರು ಎರಡು ತಿಂಗಳು ಕನ್ನಡನಾಡಿನ ಮನೆಗಳಿಗೆ ಸಂಭ್ರಮದ ಕಾಲ, ಸಂಬಳ ಸಾಲದ ಕಾಲವೂ ಹೌದು. ಮೂರ್ತಿ, ಮಂಟಪ, ಹೊಸ ಬಟ್ಟೆ, ಹೂವು, ಹಣ್ಣು, ದೀಪದ ಸರ, ಪಟಾಕಿ, ಸಿಹಿ ಡಬ್ಬ, ಬಂದವರಿಗೆ ಉಡುಗೊರೆ ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಖರ್ಚಿನ ಪಟ್ಟಿಯನ್ನೂ ಮರುದಿನದ ಕಸದ ರಾಶಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಬಹುಮಟ್ಟಿಗೆ ಒಂದೇ. ಹಾಗಾಗಿ ದುಡ್ಡು ಉಳಿಸುವುದಕ್ಕೂ ಪರಿಸರ ಉಳಿಸುವುದಕ್ಕೂ ಬೇರೆ ಬೇರೆ ದಾರಿ ಹುಡುಕಬೇಕಿಲ್ಲ.

ನಮ್ಮ ಹಬ್ಬಗಳ ಹಳೆಯ ಕ್ರಮವನ್ನು ಗಮನಿಸಿದರೆ ಒಂದು ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಹಬ್ಬಕ್ಕೆ ಬಂದ ವಸ್ತುವಿಗೆ ಎರಡೇ ದಾರಿ ಇದ್ದವು. ಒಂದೋ ಅದು ಮಣ್ಣಿಗೆ ಮರಳಬೇಕು, ಇಲ್ಲವೇ ಮುಂದಿನ ವರ್ಷಕ್ಕೆಂದು ಅಟ್ಟ ಸೇರಬೇಕು. ಈ ಎರಡೂ ಅಲ್ಲದ ಮೂರನೆಯ ದಾರಿ, ಅಂದರೆ ಕಸದ ಬುಟ್ಟಿಯ ದಾರಿ ತೆರೆದಾಗಿನಿಂದ ಜೇಬೂ ಸೋರತೊಡಗಿದೆ, ಕೆರೆಯೂ ಕೆಟ್ಟಿದೆ. ಏನನ್ನೇ ಕೊಳ್ಳುವ ಮೊದಲು “ಇದು ಮಣ್ಣಿಗೋ, ಅಟ್ಟಕ್ಕೋ?” ಎಂದು ಕೇಳಿಕೊಂಡರೆ ಅರ್ಧ ಉಳಿತಾಯ ಅಲ್ಲೇ ಆಗಿಬಿಡುತ್ತದೆ.

ಮಣೆ ಕೊಟ್ಟು ತರುವ ಗಣಪತಿ

ಉತ್ತರ ಕನ್ನಡದ ಹಳ್ಳಿಗಳಲ್ಲಿ ಚೌತಿಗೆ ಮೊದಲೇ ಮನೆಯವರು ಮೂರ್ತಿ ಮಾಡುವವರಲ್ಲಿಗೆ ಹೋಗಿ ಮರದ ಮಣೆ ಕೊಟ್ಟು ಬರುವ ರೂಢಿಯಿದೆ. ಆ ಮಣೆಯ ಮೇಲೆಯೇ ಅವರ ಮನೆಯ ಗಣಪತಿ ರೂಪುಗೊಳ್ಳುತ್ತಾನೆ. ಹಬ್ಬ ಮುಗಿದ ಮೇಲೆ ಮೂರ್ತಿ ನೀರಿಗೆ ಹೋಗುತ್ತದೆ, ಮಣೆ ಮನೆಗೆ ಬರುತ್ತದೆ. ಎಷ್ಟು ಮಣೆ ಬಂದಿದೆಯೋ ಅಷ್ಟೇ ಮೂರ್ತಿ. ಮಾರಾಟವಾಗದೆ ಉಳಿದ ಗಣಪತಿ ಅಲ್ಲಿ ಇರುವುದೇ ಇಲ್ಲ. ಬೇಕಾದಷ್ಟನ್ನೇ, ಬೇಕಾದವರಿಗೇ ಮಾಡುವ ಇಂಥ ವ್ಯವಸ್ಥೆಯನ್ನು ಇಂದಿನ ಯಾವ ಮಾರುಕಟ್ಟೆಯೂ ಇಷ್ಟು ಸಲೀಸಾಗಿ ನಡೆಸಲಾರದು.

ಅದೇ ಸೀಮೆಯಲ್ಲಿ ಗಣಪತಿಯ ತಲೆಯ ಮೇಲೆ ಫಲಾವಳಿ ಕಟ್ಟುತ್ತಾರೆ. ಮರದ ಚೌಕಟ್ಟಿಗೆ ಅಡಿಕೆಗೊನೆ, ತೆಂಗಿನಕಾಯಿ, ಹಾಗಲ, ಪಡವಲ, ಚಕ್ಕೋತ ಮತ್ತು ಮಳೆಗಾಲದ ಕಾಡಿನಲ್ಲಿ ಸಿಗುವ ಕಾಯಿ, ಹೂವುಗಳು ಇಳಿಬೀಳುತ್ತವೆ. ಆ ಋತುವಿನಲ್ಲಿ ಆ ಊರಿನಲ್ಲಿ ಏನು ಬೆಳೆದಿದೆ ಅನ್ನುವುದು ದೇವರ ಮುಂದೆಯೇ ಕಾಣಿಸುತ್ತದೆ. ತಿನ್ನುವಂಥದ್ದು ಆಮೇಲೆ ಅಡುಗೆಮನೆಗೆ, ಉಳಿದದ್ದು ತೋಟಕ್ಕೆ, ಚೌಕಟ್ಟು ಅಟ್ಟಕ್ಕೆ. ಥರ್ಮಕೋಲ್ ಮಂಟಪಕ್ಕೆ ಈ ಯಾವ ದಾರಿಯೂ ಇಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧಿಸಿದಾಗಲೇ ಥರ್ಮಕೋಲ್ ವಸ್ತುಗಳನ್ನೂ ಸೇರಿಸಿತ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮಕೋಲ್‌ ಇದೆ, ಸಿಹಿ ಡಬ್ಬಕ್ಕೆ ಸುತ್ತುವ ತೆಳು ಹಾಳೆಯೂ ಇದೆ.

ಪಿಒಪಿ ಮೂರ್ತಿಯ ತೊಂದರೆ ಏನೆಂಬುದನ್ನು ತುಸು ಬಿಡಿಸಿ ನೋಡಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂದರೆ ಜಿಪ್ಸಮ್ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ನೀರಿನಂಶ ಕಳೆದ ಪುಡಿ. ಅದಕ್ಕೆ ನೀರು ಬೆರೆಸಿದರೆ ಮತ್ತೆ ಗಟ್ಟಿ ಜಿಪ್ಸಮ್ ಆಗುತ್ತದೆ. ಒಂದು ಲೀಟರ್ ನೀರಿನಲ್ಲಿ ಜಿಪ್ಸಮ್ ಕರಗುವುದು ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಐದು ಕೆ.ಜಿ.ಯ ಮೂರ್ತಿ ಪೂರ್ತಿ ಕರಗಬೇಕಾದರೆ ಹತ್ತಿರ ಹತ್ತಿರ ಎರಡು ಸಾವಿರ ಲೀಟರ್ ನೀರು ಬೇಕು. ಕರಗಿದ್ದು ನೀರಿನ ಗಡಸುತನ ಹೆಚ್ಚಿಸುತ್ತದೆ, ಕರಗದ್ದು ಕೆರೆಯ ತಳದಲ್ಲಿ ಕೂರುತ್ತದೆ. ಮೇಲಿನ ಹೊಳೆಯುವ ಬಣ್ಣಗಳಲ್ಲಿ ಸೀಸ, ಕ್ರೋಮಿಯಂನಂಥ ಭಾರಲೋಹಗಳಿದ್ದರೆ ಅವು ಮೀನಿನ ಮೂಲಕ ನಮ್ಮ ತಟ್ಟೆಗೂ ಬರಬಹುದು. ಅದಕ್ಕಾಗಿಯೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ ತಿಂಗಳಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪಿಒಪಿಯನ್ನು ಹೊರಗಿಟ್ಟು ಜೇಡಿಮಣ್ಣು ಮತ್ತು ನೈಸರ್ಗಿಕ ಬಣ್ಣಗಳನ್ನಷ್ಟೇ ಒಪ್ಪಿತು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2022ರಲ್ಲಿ ಅರಿಶಿನ ಗಣೇಶ ಅಭಿಯಾನವನ್ನೇ ನಡೆಸಿತು.

ಹಾಗಿದ್ದರೂ ಪಿಒಪಿ ಏಕೆ ಮಾರಾಟವಾಗುತ್ತದೆ? ಅದು ಹಗುರ, ಅಚ್ಚಿನಲ್ಲಿ ಬೇಗ ಬೇಗ ಎರಕ ಹೊಯ್ಯಬಹುದು, ಲಾರಿಯಲ್ಲಿ ಸಾಗಿಸುವಾಗ ಬಿರುಕು ಬಿಡುವುದಿಲ್ಲ, ದೊಡ್ಡದಾಗಿ ಕಂಡರೂ ಅಗ್ಗ. ಜೇಡಿಮಣ್ಣಿನ ಮೂರ್ತಿಗೆ ಮಣ್ಣು ಹದ ಮಾಡಬೇಕು, ನೆರಳಲ್ಲಿ ನಿಧಾನವಾಗಿ ಒಣಗಿಸಬೇಕು, ಮಳೆಗಾಲದಲ್ಲಿ ಕಾಪಾಡಬೇಕು. ಆ ಶ್ರಮಕ್ಕೆ ಬೆಲೆಯಿದೆ. ಮೂರಡಿಯ ಪಿಒಪಿ ಬದಲು ಒಂದು ಅಡಿಯೊಳಗಿನ ಮಣ್ಣಿನ ಗಣಪನನ್ನು ತಂದರೆ ಖರ್ಚೂ ಕಡಿಮೆ, ಮಾಡಿದವರಿಗೂ ನ್ಯಾಯ. ಥರ್ಮಕೋಲ್‌ ಬಿಟ್ಟು ಹಣ ಉಳಿಸೋಣ, ಕುಂಬಾರರ ಹತ್ತಿರ ಚೌಕಾಸಿ ಮಾಡಿ ಬೇಡ.

ಬಕೆಟ್‌ನಲ್ಲೇ ಬಿಡಬಹುದು

ಮನೆಯಲ್ಲೇ ಗಣಪತಿ ಬಿಡುವುದು ಈಗ ನಗರಗಳಲ್ಲಿ ರೂಢಿಯಾಗುತ್ತಿದೆ. ಮೊದಲು ಹೂವು, ಗರಿಕೆ, ಪತ್ರೆ, ಗೆಜ್ಜೆವಸ್ತ್ರ, ಜನಿವಾರ, ಹಾರ ಎಲ್ಲವನ್ನೂ ತೆಗೆದಿಡಬೇಕು. ಮೂರ್ತಿ ಮುಳುಗುವಷ್ಟು ನೀರು ತುಂಬಿದ ಬಕೆಟ್‌ಗೆ ಇಳಿಸಿದರೆ ಸುಡದೆ ಒಣಗಿಸಿದ ಜೇಡಿಮಣ್ಣು ಕೂಡಲೇ ಗುಳ್ಳೆ ಬಿಡತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಸೊಂಡಿಲು, ಕಿವಿ ಜಾರುತ್ತವೆ, ರಾತ್ರಿ ಕಳೆಯುವಷ್ಟರಲ್ಲಿ ಎಲ್ಲ ರಾಡಿಯಾಗಿರುತ್ತದೆ. ಮಣ್ಣು ತಳಕ್ಕಿಳಿದ ಮೇಲೆ ತಿಳಿನೀರನ್ನು ದಾಸವಾಳದ ಬುಡಕ್ಕೆ ಸುರಿಯಬಹುದು. ಕೆಳಗಿನ ಜೇಡಿಯನ್ನು ಒಣಗಿಸಿ ಹಳೆಯ ಡಬ್ಬದಲ್ಲಿಟ್ಟರೆ ಮುಂದಿನ ಚೌತಿಗೆ ಮಕ್ಕಳ ಕೈಯಲ್ಲಿ ಅದೇ ಮಣ್ಣು ಮತ್ತೆ ಗಣಪತಿಯಾಗುತ್ತದೆ. ಮಣ್ಣಿಗೂ ಅಟ್ಟಕ್ಕೂ ಒಟ್ಟಿಗೇ ಸಲ್ಲುವ ವಸ್ತು ಇದೊಂದೇ ಇರಬೇಕು.

ಗೊತ್ತಿಲ್ಲದೆ ಪಿಒಪಿ ಮೂರ್ತಿ ಮನೆಗೆ ಬಂದಿದ್ದರೆ ಅದಕ್ಕೂ ದಾರಿಯಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ತೋರಿಸಿಕೊಟ್ಟ ವಿಧಾನದಲ್ಲಿ ಮೂರ್ತಿಯ ತೂಕದಷ್ಟೇ ಅಮೋನಿಯಂ ಬೈಕಾರ್ಬೊನೇಟನ್ನು ನೀರಿಗೆ ಹಾಕಿ, ಗಾಳಿಯಾಡುವ ಜಾಗದಲ್ಲಿಟ್ಟು ಆಗಾಗ ಕಲಕುತ್ತಾರೆ. ಬೇಕರಿಗಳಲ್ಲಿ ಬಿಸ್ಕತ್ತಿಗೆ ಬಳಸುವ ಪುಡಿಯೇ ಅದು. ಕೆಲವು ದಿನಗಳಲ್ಲಿ ಮೂರ್ತಿ ಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಸೇರುತ್ತದೆ. ಮೇಲಿನ ನೀರಿನಲ್ಲಿ ಉಳಿಯುವ ಅಮೋನಿಯಂ ಸಲ್ಫೇಟ್ ಗೊಬ್ಬರವಾಗಿ ಬಳಕೆಯಲ್ಲಿರುವ ಲವಣ. ಮೂರ್ತಿಗೆ ರಾಸಾಯನಿಕ ಬಣ್ಣ ಬಳಿದಿದ್ದರೆ ಆ ನೀರನ್ನು ಸೊಪ್ಪು ತರಕಾರಿಗೆ ಹಾಕದಿರುವುದು ಒಳ್ಳೆಯದು.

ಬಾಗಿನದ ಮೊರ

ಗೌರಿ ಹಬ್ಬದ ಬಾಗಿನದಲ್ಲಿ ಹೊದಿಕೆಯೇ ಉಡುಗೊರೆ. ಬಿದಿರಿನ ಮೊರ, ಅದರೊಳಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅದಕ್ಕೊಂದು ಮೊರದ ಮುಚ್ಚಳ. ತೆಗೆದುಕೊಂಡ ಮನೆಯಲ್ಲಿ ಎಲ್ಲವೂ ಬಳಕೆಗೆ ಬರುತ್ತಿತ್ತು. ಮೊರದಲ್ಲಿ ವರ್ಷವಿಡೀ ಅಕ್ಕಿ ಕೇರುತ್ತಿದ್ದರು. ಹೆಣೆದ ಮೇದರ ಮನೆಗೂ ಹಬ್ಬದ ದುಡಿಮೆ ಸಿಗುತ್ತಿತ್ತು.

ಈಗ ಅಂಗಡಿಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಮೊರಗಳು, ಕೈಬೆರಳೂ ತೂರದ ಬಳೆ, ಮುಖ ಕಾಣದ ಕನ್ನಡಿ, ಎರಡು ಎಳೆಗೆ ಮುರಿಯುವ ಬಾಚಣಿಗೆಯ “ಸೆಟ್” ಸಿಗುತ್ತದೆ. ರವಿಕೆ ಕಣಗಳ ಕತೆ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಹೊಲಿಯಲು ಬಾರದ ಬಟ್ಟೆ ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತುತ್ತಲೇ ಇರುತ್ತದೆ. ಹತ್ತು ಜನಕ್ಕೆ ಉಪಯೋಗವಿಲ್ಲದ್ದು ಕೊಡುವ ಬದಲು ನಾಲ್ಕು ಜನಕ್ಕೆ ಬಿದಿರಿನ ಮೊರ, ಒಳ್ಳೆಯ ಹತ್ತಿಯ ಕಣ, ಮನೆಗೆ ಬೇಕಾದ ಧಾನ್ಯ ಕೊಟ್ಟರೆ ಬಾಗಿನಕ್ಕೆ ಅದರ ಘನತೆ ಮರಳುತ್ತದೆ.

ದೀಪಾವಳಿಯ ಉಡುಗೊರೆಗೂ ಇದೇ ಮಾತು. ಪ್ಲಾಸ್ಟಿಕ್ ತಟ್ಟೆಯಲ್ಲಿ ಹರಡಿಟ್ಟ ನಾಲ್ಕು ಗೋಡಂಬಿಗೆ ಕೊಡುವ ಹಣದಲ್ಲಿ ಹೆಚ್ಚಿನ ಪಾಲು ಡಬ್ಬದ್ದೇ. ಅದರ ಬದಲು ಮನೆಯಲ್ಲಿ ಮಾಡಿದ ಚಟ್ನಿಪುಡಿ, ಒಂದು ಕೆ.ಜಿ. ಜೋನಿಬೆಲ್ಲ, ಸ್ಟೀಲ್ ಡಬ್ಬದಲ್ಲಿ ರವೆಉಂಡೆ ಕೊಡಬಹುದು. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಕೈಯಲ್ಲೇ ಹೊಲಿದು ಕೌದಿ ಮಾಡುತ್ತಾರೆ. ಅಜ್ಜಿಯ ಸೀರೆಯ ಚೂರು, ಅವ್ವನ ಸೀರೆಯ ಚೂರು ಒಟ್ಟಿಗೆ ಸೇರಿದ ಕೌದಿಗಿಂತ ಬೆಚ್ಚನೆಯ ಉಡುಗೊರೆ ಯಾವ ಅಂಗಡಿಯಲ್ಲೂ ಸಿಗದು. ಹತ್ತಿ ಬೆಳೆಯುವುದರಿಂದ ಹಿಡಿದು ಒಂದು ಟಿ-ಶರ್ಟ್ ತಯಾರಾಗುವವರೆಗೆ ಸುಮಾರು 2,700 ಲೀಟರ್ ನೀರು ಬೇಕು ಅನ್ನುವುದು ವ್ಯಾಪಕವಾಗಿ ಒಪ್ಪಿತವಾದ ಅಂದಾಜು. ಇರುವ ಬಟ್ಟೆಯನ್ನೇ ಇನ್ನಷ್ಟು ವರ್ಷ ಬಾಳಿಸುವುದು ಎಷ್ಟು ದೊಡ್ಡ ಉಳಿತಾಯ ಅನ್ನುವುದು ಇದರಿಂದ ತಿಳಿಯುತ್ತದೆ.

ಪೆಟ್ಟಿಗೆಯಿಂದ ಏಳುವ ದಸರೆ

ಮೈಸೂರು ಸೀಮೆಯ ಗೊಂಬೆ ಕೂರಿಸುವ ಹಬ್ಬ ಮರುಬಳಕೆಗೆ ನಾವು ಕೊಟ್ಟುಕೊಂಡಿರುವ ಅತ್ಯುತ್ತಮ ಪಾಠ. ಮದುವೆಯಲ್ಲಿ ತವರಿನಿಂದ ಬಂದ ರಾಜ-ರಾಣಿಯ ಪಟ್ಟದ ಗೊಂಬೆ ಮಗಳಿಗೆ, ಮೊಮ್ಮಗಳಿಗೆ ದಾಟುತ್ತ ಹೋಗುತ್ತದೆ. ಒಂಬತ್ತು ದಿನ ಮೆಟ್ಟಿಲ ಮೇಲೆ ಕೂತ ಗೊಂಬೆಗಳು ಮತ್ತೆ ಮೆತ್ತನೆಯ ಹಳೆ ಪಂಚೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತವೆ. ವರ್ಷಕ್ಕೆ ಒಂದೇ ಒಂದು ಹೊಸ ಗೊಂಬೆ ಸೇರಿಸಿದರೂ ಹಬ್ಬ ಪ್ರತಿವರ್ಷ ಹೊಸದು. ಆ ಒಂದು ಗೊಂಬೆ ಚನ್ನಪಟ್ಟಣದ್ದಾದರೆ ಹಾಲೆ ಮರ ಮತ್ತು ಅರಗಿನ ಕೆಲಸ, ಕೊಪ್ಪಳ ಜಿಲ್ಲೆಯ ಕಿನ್ನಾಳದ್ದಾದರೆ ಹಗುರ ಮರದ ಕೆಲಸ. ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ.

ವಿಜಯದಶಮಿಯಂದು ಉತ್ತರ ಕರ್ನಾಟಕದಲ್ಲಿ ಬನ್ನಿ ಎಲೆ ಕೊಟ್ಟು “ಬಂಗಾರದಂಗ ಇರೋಣ” ಎಂದು ಹರಸಿಕೊಳ್ಳುತ್ತಾರೆ. ಹಿರಿಯರ ಕಾಲಿಗೆ ಬಿದ್ದು, ಜಗಳವಾಡಿದವರ ಮನೆಗೂ ಹೋಗಿ ಎಲೆ ಕೊಟ್ಟು ಬರುವ ಈ ಉಡುಗೊರೆಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಮಾರಾಟಕ್ಕೆಂದು ಕೊಂಬೆಗಳನ್ನೇ ಕಡಿದು ಮರ ಬೋಳು ಮಾಡುವುದು ಹೆಚ್ಚುತ್ತಿದೆ. ಎಲೆ ಕೊಡುವುದಕ್ಕೆ ಎಲೆ ಸಾಕು. ಬನ್ನಿಕಟ್ಟೆಯ ಪಕ್ಕದಲ್ಲೇ ಪ್ರತಿವರ್ಷ ಒಂದು ಸಸಿ ನೆಡುವ ಪದ್ಧತಿಯನ್ನು ಊರಿನವರು ಹಾಕಿಕೊಂಡರೆ ಸಂಪ್ರದಾಯವೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ಆಯುಧಪೂಜೆಯ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆದು ಬಿಟ್ಟರೆ ಅದರ ಮೇಲೆ ಬೈಕ್ ಜಾರಿ ಬೀಳುವವರು ಯಾರದೋ ಮನೆಯ ಮಕ್ಕಳು. ಅಂಗಳದ ಮೂಲೆಯಲ್ಲಿ ಒಡೆದು, ಹೋಳನ್ನು ಹಸುವಿಗೋ ಗೊಬ್ಬರದ ಗುಂಡಿಗೋ ಹಾಕಿದರೆ ಶಾಸ್ತ್ರಕ್ಕೇನೂ ಕೊರತೆಯಿಲ್ಲ. ಗಾಡಿಗೊಂದು ಬಾಳೆಕಂದು ಕಟ್ಟುವ ಬದಲು ಇಡೀ ಕಚೇರಿಗೆ ಎರಡು ಸಾಕು. ಹೂವಿನ ಹಾರಗಳಿಂದ ದಾರ, ಪ್ಲಾಸ್ಟಿಕ್ ಎಳೆ ಬಿಡಿಸಿ ಹಾಕಿದರೆ ಚೆಂಡುಹೂವು, ಸೇವಂತಿಗೆ ಒಳ್ಳೆಯ ಗೊಬ್ಬರವಾಗುತ್ತವೆ. ದಾರ ಸಮೇತ ಎಸೆದರೆ ಹಸಿಕಸವೂ ಕೆಡುತ್ತದೆ.

ಹಬ್ಬದಡುಗೆಯ ಜಾಣ್ಮೆ

ನಮ್ಮ ಅಡುಗೆಮನೆಗೆ ಮಿತವ್ಯಯವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಹೂರಣದ ಒಂದು ಹಿಡಿ ಅದಕ್ಕೆ ಸಿಹಿ ಕೊಡುತ್ತದೆ. ಬಯಲುಸೀಮೆಯ ಕಟ್ಟಿನ ಸಾರು, ಹಳೆ ಮೈಸೂರಿನ ಒಬ್ಬಟ್ಟಿನ ಸಾರು ಎರಡೂ ಹುಟ್ಟಿದ್ದು ಚೆಲ್ಲಬಾರದು ಎಂಬ ಬುದ್ಧಿಯಿಂದ. ಮರುದಿನಕ್ಕೆ ಆ ಸಾರು ಇನ್ನೂ ರುಚಿ.

ನಾವು ಸೋಲುವುದು ಬಡಿಸುವಲ್ಲಿ. ಬಾಳೆಎಲೆಯ ಚಿತ್ರ ಅಚ್ಚೊತ್ತಿದ ಕಾಗದದ ಎಲೆಗಳಲ್ಲಿ ಬಹಳಷ್ಟಕ್ಕೆ ಪ್ಲಾಸ್ಟಿಕ್ ಲೇಪವಿರುತ್ತದೆ. ಅವು ಕೊಳೆಯುವುದಿಲ್ಲ, ದನ ತಿಂದರೆ ಹೊಟ್ಟೆಯಲ್ಲಿ ಉಳಿಯುತ್ತವೆ. ನಿಜವಾದ ಬಾಳೆಎಲೆ, ಮುತ್ತುಗದ ಎಲೆ, ಮಲೆನಾಡು-ಕರಾವಳಿಯ ಅಡಿಕೆ ಹಾಳೆ ತಟ್ಟೆ ಮಣ್ಣಿಗೆ ಹೋಗುತ್ತವೆ. ಸ್ಟೀಲ್ ತಟ್ಟೆ ಅಟ್ಟಕ್ಕೆ ಹೋಗುತ್ತದೆ. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ತಟ್ಟೆ-ಲೋಟ ಕೊಡುವ ಪ್ಲೇಟ್ ಬ್ಯಾಂಕ್ ನಡೆಸುತ್ತದೆ. ಇದೇ ರೀತಿ ಪ್ರತಿ ಬಡಾವಣೆ, ಪ್ರತಿ ಅಪಾರ್ಟ್‌ಮೆಂಟ್ ನೂರು ತಟ್ಟೆ-ಲೋಟ ಒಮ್ಮೆ ಕೊಂಡರೆ ಗಣೇಶೋತ್ಸವದ ಅನ್ನಸಂತರ್ಪಣೆ, ರಾಜ್ಯೋತ್ಸವ, ಹುಟ್ಟುಹಬ್ಬ ಎಲ್ಲಕ್ಕೂ ವರ್ಷಾನುಗಟ್ಟಲೆ ಒದಗುತ್ತವೆ.

ಬೆಳಕಿಗೆ ಎಷ್ಟು ಬೆಲೆ?

ದೀಪಾವಳಿಯಲ್ಲಿ ಕರೆಂಟ್ ಬಿಲ್ಲಿನ ಚಿಂತೆ ಹಲವರಿಗೆ. ನಿಜ ಹೇಳಬೇಕೆಂದರೆ ಅಲ್ಲಿ ಭಾರ ಅಷ್ಟಿಲ್ಲ. ಐದು ವ್ಯಾಟ್‌ನ ಎಲ್‌ಇಡಿ ಸರ ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ ಉರಿದರೂ ಖರ್ಚಾಗುವುದು 0.3 ಯೂನಿಟ್. ಭಾರವಿರುವುದು ಪ್ರತಿವರ್ಷ ಹೊಸ ಸರ ಕೊಂಡು ಹಳೆಯದನ್ನು ಎಸೆಯುವುದರಲ್ಲಿ. ನೀರು ತಾಗಿದರೆ ಹತ್ತುವ ಪ್ಲಾಸ್ಟಿಕ್ ದೀಪಗಳ ಒಳಗಿನ ಗುಂಡಿ ಬ್ಯಾಟರಿಗಳು ಇನ್ನೂ ಕೆಟ್ಟವು. ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ. ಇರುವ ಸರವನ್ನೇ ರಟ್ಟಿಗೆ ಸುತ್ತಿ ಗಂಟುಬೀಳದಂತೆ ಎತ್ತಿಟ್ಟರೆ ಹಲವು ದೀಪಾವಳಿ ಕಾಣುತ್ತದೆ.

ಮಣ್ಣಿನ ಹಣತೆಯನ್ನು ಬಳಸುವ ಮೊದಲು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಆಗ ಅದು ಎಣ್ಣೆ ಹೀರುವುದು ಕಡಿಮೆಯಾಗುತ್ತದೆ. ಹಳೆಯ ಹತ್ತಿಪಂಚೆ ಹರಿದು ಹೊಸೆದ ಬತ್ತಿ ಚೆನ್ನಾಗಿಯೇ ಉರಿಯುತ್ತದೆ. ಹಬ್ಬ ಕಳೆದ ಮೇಲೆ ಸೀಗೆಪುಡಿಯಲ್ಲಿ ಉಜ್ಜಿ ತೊಳೆದರೆ ಹಣತೆ ಮತ್ತೆ ಅಟ್ಟಕ್ಕೆ, ಒಡೆದರೆ ಮಣ್ಣಿಗೆ. ಶಿವಮೊಗ್ಗ ಸೀಮೆಯ ಅಂಟಿಗೆ-ಪಂಟಿಗೆಯವರು ದೀಪಾವಳಿಯ ರಾತ್ರಿಗಳಲ್ಲಿ ಹಚ್ಚಿದ ಒಂದೇ ದೀಪವನ್ನು ಗಾಳಿಗೆ ಆರದಂತೆ ಕಾಪಾಡಿಕೊಂಡು, ಹಾಡುತ್ತ ಮನೆಯಿಂದ ಮನೆಗೆ ಒಯ್ಯುತ್ತಾರೆ. ಮನೆಯವರು ಅದಕ್ಕೆ ಎಣ್ಣೆ ಎರೆದು ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಒಂದು ದೀಪದಿಂದ ಊರೇ ಬೆಳಗುತ್ತದೆ.

ಪಟಾಕಿಯ ವಿಷಯದಲ್ಲಿ ಮೆದುವಾಗಿ ಮಾತಾಡುವುದು ಕಷ್ಟ. ಕೊಂಡ ಕ್ಷಣವೇ ಸುಡುವ, ಮಣ್ಣಿಗೂ ಅಟ್ಟಕ್ಕೂ ಸಲ್ಲದ ಖರ್ಚು ಅದು. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ಆದೇಶದಲ್ಲಿ ಕಡಿಮೆ ಹೊಗೆಯ ಹಸಿರು ಪಟಾಕಿಗಳಿಗೆ ಮಾತ್ರ, ಅದೂ ದೀಪಾವಳಿಯ ದಿನ ರಾತ್ರಿ 8ರಿಂದ 10ರವರೆಗೆ ಮಾತ್ರ ಅವಕಾಶ ಕೊಟ್ಟಿತು. ಹಸಿರು ಬಣ್ಣದ ಬೆಂಕಿ ಕೊಡುವ ಬೇರಿಯಂ ಲವಣಗಳನ್ನು ನಿಷೇಧಿಸಿತು. ಹಸಿರು ಪಟಾಕಿಯೂ ಹೊಗೆಯಿಲ್ಲದ್ದಲ್ಲ, ದೂಳಿನ ಕಣಗಳನ್ನು ಸುಮಾರು ಶೇ 30ರಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಪ್ರತಿ ದೀಪಾವಳಿಗೂ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಕಣ್ಣು ಸುಟ್ಟುಕೊಂಡ ಮಕ್ಕಳು ಬರುತ್ತಾರೆ. ಅವರಲ್ಲಿ ಪಟಾಕಿ ಹಚ್ಚದೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತರು. ಹಬ್ಬದ ಹಂಗಾಮಿನ ನಾಲ್ಕು ಕಾಸಿಗಾಗಿ ಕೆಲಸಕ್ಕೆ ಬಂದಿದ್ದ ಹುಡುಗರು ಅವರಲ್ಲಿದ್ದರು. ಪಟಾಕಿಯ ಬೆಲೆ ಲೆಕ್ಕ ಹಾಕುವಾಗ ಇವರನ್ನೂ ಸೇರಿಸಬೇಕು.

ರಿಯಾಯಿತಿಯ ಲೆಕ್ಕ

ದಸರೆ ಬರುವ ಮೊದಲೇ ಮೊಬೈಲ್ ತುಂಬ ರಿಯಾಯಿತಿ ಮೇಳ. ನೂರು ರೂಪಾಯಿಯ ವಸ್ತು ನಲವತ್ತಕ್ಕೆ ಸಿಕ್ಕರೆ ಅರವತ್ತು ಉಳಿಯಿತು ಎನಿಸುತ್ತದೆ. ಬೇಡದ ವಸ್ತುವಾದರೆ ನಲವತ್ತು ಹೋಯಿತು, ಅಷ್ಟೇ. ಕಂತಿನಲ್ಲಿ ಕೊಂಡಾಗ ಹಬ್ಬ ಮುಗಿದು ಯುಗಾದಿ ಬಂದರೂ ಕಂತು ಮುಗಿದಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಈ ಕಾಲಕ್ಕೇ ಹೆಚ್ಚು ಬೇಕಾದದ್ದು. ಶ್ರಾವಣದಲ್ಲೇ ಮನೆಮಂದಿಯೆಲ್ಲ ಕೂತು ಎಲ್ಲ ಹಬ್ಬಕ್ಕೂ ಸೇರಿ ಒಂದು ಮೊತ್ತ ಗೊತ್ತು ಮಾಡಿ, ಅಟ್ಟದಲ್ಲಿ ಏನಿದೆ ಎಂದು ಇಳಿಸಿ ನೋಡಿ, ಆಮೇಲೆ ಪಟ್ಟಿ ಬರೆಯುವುದು ಒಳ್ಳೆಯದು. ಕಳೆದ ವರ್ಷದ ತೋರಣ, ಮಂಟಪದ ಕೋಲು, ಎಣ್ಣೆದೀಪದ ಕಂಬ ಸಿಕ್ಕಿದಾಗ ಪಟ್ಟಿ ತಾನಾಗಿಯೇ ಕಿರಿದಾಗುತ್ತದೆ.

ಸರಳ ಹಬ್ಬದ ಶ್ರಮ ಯಾರದು?

ಒಂದು ಮಾತನ್ನು ಇಲ್ಲಿ ಮರೆಯಬಾರದು. ಮನೆಯಲ್ಲೇ ತಿಂಡಿ ಮಾಡಬೇಕು, ಸ್ಟೀಲ್ ತಟ್ಟೆ ತೊಳೆಯಬೇಕು, ಬತ್ತಿ ಹೊಸೆಯಬೇಕು, ಹೂವು ಬಿಡಿಸಬೇಕು ಎಂದು ಹೇಳುವುದು ಸುಲಭ. ಮಾಡುವವರು ಯಾರು? ಬಹುತೇಕ ಮನೆಗಳಲ್ಲಿ ಅದೆಲ್ಲ ಹೆಂಗಸರ ತಲೆಗೇ ಬರುತ್ತದೆ. ಆಫೀಸಿನಿಂದ ಬಂದು ರಾತ್ರಿ ಹತ್ತಕ್ಕೆ ಹೂರಣ ರುಬ್ಬುವವರಿಗೆ ಅಂಗಡಿಯ ಡಬ್ಬ ಬೇಡ ಎಂದು ಉಪದೇಶ ಮಾಡುವುದು ಅನ್ಯಾಯ. ಎಸೆಯುವ ತಟ್ಟೆ, ಸಿದ್ಧ ತಿಂಡಿ ಮನೆಯೊಳಗೆ ಬಂದದ್ದು ಬರೀ ಆಡಂಬರದಿಂದಲ್ಲ, ದಣಿವಿನಿಂದಲೂ ಹೌದು.

ಇದಕ್ಕೂ ಮಲೆನಾಡಿನಲ್ಲೊಂದು ಉತ್ತರವಿದೆ. ಚೌತಿಗೆ ಮೊದಲು ಸಾಗರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಚಕ್ಕುಲಿ ಕಂಬಳ ನಡೆಯುತ್ತದೆ. ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಗಂಡಸರೂ ಹೆಂಗಸರೂ ಸಾಲಾಗಿ ಕೂತು ಹದವಾದ ಹಿಟ್ಟನ್ನು ಬೆರಳಲ್ಲಿ ಹೊಸೆಯುತ್ತ ಸುತ್ತು ಸುತ್ತಾಗಿ ಕೈಚಕ್ಕುಲಿ ಬಿಡುತ್ತಾರೆ. ಒಬ್ಬರು ಒಲೆಯ ಮುಂದೆ ಕೂತು ಕರಿಯುತ್ತಾರೆ. ನಾಳೆ ಇನ್ನೊಬ್ಬರ ಮನೆಯಲ್ಲಿ ಇದೇ ಕೆಲಸ. ಒಬ್ಬರೇ ಮಾಡಿದ್ದರೆ ಸೊಂಟ ಮುರಿಯುವ ದುಡಿಮೆ ಹತ್ತು ಜನ ಸೇರಿದಾಗ ಹಬ್ಬಕ್ಕೆ ಮೊದಲಿನ ಹಬ್ಬವಾಗುತ್ತದೆ.

ಪರಿಸರಕ್ಕೆ ಹಗುರವಾದ, ಕೈಗೆಟುಕುವ ಹಬ್ಬ ಬೇಕೆಂದರೆ ಮೊದಲು ಹಂಚಬೇಕಾದದ್ದು ಈ ಶ್ರಮ. ಅಪ್ಪ ಹೋಳಿಗೆ ತಟ್ಟಲಿ, ಮಗ ತಟ್ಟೆ ತೊಳೆಯಲಿ, ಪಕ್ಕದ ಮನೆಯವರೊಂದಿಗೆ ಸೇರಿ ಒಂದೇ ದಿನ ಎರಡೂ ಮನೆಯ ತಿಂಡಿ ಆಗಲಿ. ಹಾಗೆ ಮಾಡಿದ ಮನೆಯಲ್ಲಿ ಮಣ್ಣಿನ ಗಣಪ, ಹಳೆಯ ಹಣತೆ, ಸ್ಟೀಲ್ ತಟ್ಟೆ ಒಂದು ವರ್ಷದ ಉತ್ಸಾಹವಾಗಿ ಉಳಿಯದೆ ವರ್ಷ ವರ್ಷವೂ ನಡೆದುಕೊಂಡು ಹೋಗುವ ಪದ್ಧತಿಯಾಗುತ್ತವೆ.